ಲೆಕ್ಕಕ್ಕೆ ಸಿಗದವರ ಲೆಕ್ಕ



ಉಪನ್ಯಾಸಮಾಲೆಯಲ್ಲಿ ಸಂಖ್ಯಾಶಾಸ್ತ್ರಕ್ಕೂ ಒಂದು ಸಂಜೆಯನ್ನು ಕೊಟ್ಟ ಕಾರ್ಯದರ್ಶಿಗಳ ಧೈರ್ಯವನ್ನು ಮೊದಲು ಮೆಚ್ಚಬೇಕು. ತಾಳಮದ್ದಳೆ ಇದ್ದಿದ್ದರೆ ಈ ಸಭಾಗೃಹದಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಬಂದಿರುವ ನೀವಿಷ್ಟು ಜನರಿಗೆ ನಾನು ಸೂತ್ರಗಳನ್ನು ಹೇಳಿ ಬೇಸರಪಡಿಸುವುದಿಲ್ಲ. ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ.

1991ರ ಫೆಬ್ರವರಿಯಲ್ಲಿ ನಾನು ಇದೇ ಊರಿನಲ್ಲಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರ ಶಿಕ್ಷಕನಾಗಿದ್ದೆ. ರಾತ್ರಿ ಹೊತ್ತು ಹೋಟೆಲ್ ಹುಡುಗರ ರಾತ್ರಿಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಜನಗಣತಿಯ ಕೆಲಸ ಶಿಕ್ಷಕರ ಪಾಲಿಗೆ ಬರುವುದು ವಾಡಿಕೆಯಷ್ಟೆ. ನನ್ನ ವಿಭಾಗದಲ್ಲಿ ನಮ್ಮವರದೇ ಒಂದು ಹೋಟೆಲಿತ್ತು. ಹೆಸರು ಬೇಡ. ಕೆಲಸಗಾರರೆಲ್ಲ ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದರು. ಗಲ್ಲೆಯ ಮೇಲೆ ಕುಳಿತಿದ್ದ ಮ್ಯಾನೇಜರರು ಕಾಫಿ ತರಿಸಿ, ಹುಡುಗರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ವಯಸ್ಸಿನ ಅಂಕಣಕ್ಕೆ ಬಂದಾಗ, “ಬರೆದುಕೊಳ್ಳಿ ಮಾಷ್ಟ್ರೆ, ಸಣ್ಣವರಿಗೆಲ್ಲ ಹದಿನೈದು” ಎಂದರು. ಅಂತಹವರು ಹನ್ನೊಂದು ಮಂದಿ. ಅವರಲ್ಲಿ ನಾಲ್ವರು ನನ್ನ ರಾತ್ರಿಶಾಲೆಯ ವಿದ್ಯಾರ್ಥಿಗಳು. ಒಬ್ಬನಂತೂ ಊರಿನಲ್ಲಿ ಐದನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು, ಹಿಂದಿನ ಮಳೆಗಾಲ ಕಳೆದ ಮೇಲೆ ಬಂದವನು. ಅವನಿಗೆ ಹನ್ನೊಂದು ದಾಟಿರಲಾರದೆಂದು ನನಗೆ ಗೊತ್ತಿತ್ತು. ಆದರೂ ಬರೆದುಕೊಂಡೆ. ಗಣತಿದಾರನು ಹೇಳಿದ್ದನ್ನು ದಾಖಲಿಸಬೇಕೇ ಹೊರತು ವಿಚಾರಣೆ ನಡೆಸಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಫಿಯ ಋಣವೂ ಇತ್ತು.

ನಮ್ಮ ಜನಗಣತಿಯ ವರದಿಗಳಲ್ಲಿ ಬಾಲಕಾರ್ಮಿಕರೆಂದರೆ 5ರಿಂದ 14 ವರ್ಷದೊಳಗಿನ ಕೆಲಸಗಾರರು. ಹದಿನೈದು ಎಂದು ಬರೆದ ಗಳಿಗೆಯಲ್ಲೇ ಆ ಹನ್ನೊಂದು ಮಕ್ಕಳು ದೇಶದ ಬಾಲಕಾರ್ಮಿಕರ ಪಟ್ಟಿಯಿಂದ ಮಾಯವಾದರು. ಆ ಜನಗಣತಿಯು ದೇಶದಲ್ಲಿ 1 ಕೋಟಿ 12 ಲಕ್ಷಕ್ಕೂ ಹೆಚ್ಚು ಬಾಲಕಾರ್ಮಿಕರಿದ್ದಾರೆಂದು ಹೇಳಿತು. ಆ ಸಂಖ್ಯೆಯನ್ನು ಯಾರಾದರೂ ಭಾಷಣದಲ್ಲಿ ಉಚ್ಚರಿಸಿದಾಗಲೆಲ್ಲ ನನಗೆ ಹನ್ನೊಂದು ಕಡಿಮೆ ಎನ್ನಿಸುತ್ತದೆ. ನನ್ನಂತಹ ಗಣತಿದಾರರು ಇನ್ನೆಷ್ಟು ಮಂದಿ ಇದ್ದರೋ!

ಆದರೆ ಇಲ್ಲಿ ಒಂದು ಸ್ವಾರಸ್ಯವಿದೆ. ಒಬ್ಬ ಹುಡುಗನಿಗೆ ಹದಿನೈದು ಎಂದರೆ ಅದು ಸುಳ್ಳೆಂದು ಸಾಧಿಸುವುದು ಕಷ್ಟ. ಒಂದೇ ಅಟ್ಟದಲ್ಲಿ ಹನ್ನೊಂದು ಹುಡುಗರಿಗೆ ಹದಿನೈದು, ಹದಿನಾಲ್ಕರವನು ಒಬ್ಬನೂ ಇಲ್ಲ, ಹದಿನಾರರವನು ಒಬ್ಬನೂ ಇಲ್ಲ ಎಂದರೆ ಯಾರನ್ನೂ ಪ್ರಶ್ನಿಸದೆಯೇ ಕಾಗದವೇ ಸಾಕ್ಷಿ ನುಡಿಯುತ್ತದೆ. ಜನಸಂಖ್ಯಾಶಾಸ್ತ್ರಜ್ಞರು ವಯಸ್ಸಿನ ಅಂಕಣದಲ್ಲಿ ಇಂತಹ ಗುಡ್ಡೆಗಳನ್ನು ಹುಡುಕುತ್ತಾರೆ. ನಮ್ಮ ದೇಶದ ಹಿರಿಯರ ವಯಸ್ಸು ನಲವತ್ತು, ಐವತ್ತು, ಅರವತ್ತು ಎಂದು ಸೊನ್ನೆಯಲ್ಲೇ ಮುಗಿಯುವುದು ಹೆಚ್ಚು, ಅದು ಮರೆವು. ಕಾನೂನು ಗೆರೆ ಎಳೆದ ಸ್ಥಳದಲ್ಲಿ, ಗೆರೆಯ ಸುರಕ್ಷಿತ ಬದಿಯಲ್ಲಿ ಗುಡ್ಡೆ ಬಿದ್ದರೆ ಅದು ಮರೆವಲ್ಲ. ಮುಚ್ಚಿಟ್ಟ ಅಪರಾಧವನ್ನು ಅಳೆಯುವ ವಿದ್ಯೆ ಹುಟ್ಟುವುದು ಇಂತಹ ಜಾಗದಲ್ಲಿ. ಮುಂದೆ ನಾನು ಶಾಲೆ ಬಿಟ್ಟು ಕಾಲೇಜಿನಲ್ಲಿ ಇದೇ ವಿಷಯವನ್ನು ಪಾಠ ಮಾಡಿದುದಕ್ಕೆ ಆ ಅಟ್ಟವೂ ಒಂದು ಕಾರಣ.

ಪೊಲೀಸ್ ಅಂಕಿಅಂಶಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ‘ಕ್ರೈಮ್ ಇನ್ ಇಂಡಿಯಾ’ ಎಂಬ ವಾರ್ಷಿಕ ವರದಿ 1953ರಿಂದ ಬರುತ್ತಿದೆ. ಆದರೆ ಅದು ಅಪರಾಧಗಳ ಲೆಕ್ಕವಲ್ಲ, ಠಾಣೆಯ ಪುಸ್ತಕದಲ್ಲಿ ಬರೆಸಿಕೊಂಡ ಅಪರಾಧಗಳ ಲೆಕ್ಕ. ದೂರು ಕೊಡುವ ಧೈರ್ಯ ಜನರಲ್ಲಿ ಹೆಚ್ಚಿದರೂ ಸಂಖ್ಯೆ ಏರುತ್ತದೆ. ಠಾಣಾಧಿಕಾರಿ ದೂರುದಾರನನ್ನು ಗದರಿಸಿ ಕಳುಹಿಸಿದರೆ ಸಂಖ್ಯೆ ಇಳಿಯುತ್ತದೆ. ಇಳಿದ ಸಂಖ್ಯೆಯನ್ನು ಹಿಡಿದು ನಮ್ಮಲ್ಲಿ ಶಾಂತಿ ನೆಲೆಸಿದೆ ಎಂದು ಬೀಗುವ ರಾಜಕಾರಣಿಗಳಿಗೆ ಕೊರತೆಯಿಲ್ಲ.

ಹಾಗಾದರೆ ಬರೆಸದೆ ಉಳಿದುದನ್ನು ಎಣಿಸುವುದೆಂತು? ನಮ್ಮ ಸಂಘದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಂಖ್ಯೆಗಳು ನಾನು ಕಲ್ಪಿಸಿಕೊಂಡವು. ಒಂದು ಉಪನಗರದಲ್ಲಿ ಎಷ್ಟು ಕನ್ನಡ ಕುಟುಂಬಗಳಿವೆ ಎಂದು ತಿಳಿಯಬೇಕು. ಸಂಘದ ಸದಸ್ಯರ ಪಟ್ಟಿಯಲ್ಲಿ 300 ಕುಟುಂಬಗಳಿವೆ. ಅಲ್ಲಿನ ಕನ್ನಡ ಶಾಲೆಯ ಪೋಷಕರ ಪಟ್ಟಿಯಲ್ಲಿ 200 ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ 60 ಕುಟುಂಬಗಳು ಎರಡರಲ್ಲಿಯೂ ಕಾಣುತ್ತವೆ. ಅಂದರೆ ಶಾಲೆಯ ಪಟ್ಟಿಯವರಲ್ಲಿ ನೂರಕ್ಕೆ 30 ಮಂದಿಯನ್ನು ಸಂಘ ಹಿಡಿದಿದೆ. ಒಟ್ಟು ಕನ್ನಡಿಗರಲ್ಲಿಯೂ ಸಂಘ ಅದೇ ಪ್ರಮಾಣದಲ್ಲಿ ಹಿಡಿದಿದ್ದರೆ, ಆ 300 ಎಂಬುದು ಒಟ್ಟಿನ ಶೇಕಡಾ 30. ಒಟ್ಟು 1000. ಎರಡು ಪಟ್ಟಿಗಳಿಗೂ ಸೇರಿ ಸಿಕ್ಕವರು 440. ಯಾವ ಪಟ್ಟಿಗೂ ಸಿಗದ 560 ಕುಟುಂಬಗಳನ್ನು ನಾವು ಕಣ್ಣಿನಿಂದ ನೋಡದೆ ಎಣಿಸಿದೆವು. ಮೀನುಗಳನ್ನು ಹಿಡಿದು, ಗುರುತು ಹಾಕಿ, ಕೆರೆಗೆ ಬಿಟ್ಟು, ಮತ್ತೊಮ್ಮೆ ಬಲೆ ಬೀಸುವ ಪ್ರಾಣಿಶಾಸ್ತ್ರಜ್ಞರದೂ ಇದೇ ಉಪಾಯ.

ಈ ಲೆಕ್ಕದ ಪ್ರಾಣವಿರುವುದು ‘ಅದೇ ಪ್ರಮಾಣದಲ್ಲಿ’ ಎಂಬ ಮಾತಿನಲ್ಲಿ. ಸಂಘಕ್ಕೆ ಬರುವವರೇ ಮಕ್ಕಳನ್ನು ಕನ್ನಡ ಶಾಲೆಗೂ ಕಳುಹಿಸುವವರಾದರೆ ಎರಡು ಪಟ್ಟಿಗಳಲ್ಲಿಯೂ ಕಾಣುವವರು ಹೆಚ್ಚಾಗಿ, ಅಂದಾಜು ನಿಜಕ್ಕಿಂತ ಕಡಿಮೆಯಾಗುತ್ತದೆ. ಸಂಘದ ಪದಾಧಿಕಾರಿಗಳು ವೇದಿಕೆಯ ಮೇಲೆ ಕನ್ನಡದ ಉಳಿವಿನ ಬಗ್ಗೆ ಮಾತನಾಡಿ ಮಕ್ಕಳನ್ನು ಕಾನ್ವೆಂಟಿಗೆ ಕಳುಹಿಸುವವರಾದರೆ, ಅಂದಾಜು ವಿಪರೀತ ಹೆಚ್ಚಾಗುತ್ತದೆ. ನಮ್ಮ ಸಂಘದಲ್ಲಿ ಯಾವುದು ನಿಜವೆಂದು ನಾನು ಹೇಳಲಾರೆ. ಅಧ್ಯಕ್ಷರು ಪಕ್ಕದಲ್ಲೇ ಕುಳಿತಿದ್ದಾರೆ.

ಈ ಉಪಾಯವನ್ನು ಮನುಷ್ಯರ ಲೆಕ್ಕಕ್ಕೆ ಶಾಸ್ತ್ರಬದ್ಧವಾಗಿ ಅಳವಡಿಸಿದವರಲ್ಲಿ ನಮ್ಮ ದೇಶದ ಸಿ. ಚಂದ್ರಶೇಖರನ್ ಪ್ರಮುಖರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಪುಸ್ತಕವನ್ನೂ, ಮನೆಮನೆಗೆ ಹೋಗಿ ಕೇಳಿ ಬರೆದ ಪಟ್ಟಿಯನ್ನೂ ಹೋಲಿಸಿ, ಎರಡರಲ್ಲಿಯೂ ಬಾರದ ಜನನಗಳೆಷ್ಟು, ಸಾವುಗಳೆಷ್ಟು ಎಂದು ಅವರು ಅಂದಾಜು ಮಾಡಿದರು. ಅಮೆರಿಕದ ಡೆಮಿಂಗ್ ಅವರೊಡನೆ 1949ರಲ್ಲಿ ಪ್ರಕಟಿಸಿದ ಆ ಪ್ರಬಂಧವನ್ನು ಜಗತ್ತು ಇಂದಿಗೂ ಓದುತ್ತದೆ. ನಾನು ಈಗ ಹೇಳಿದ ದೋಷಕ್ಕೆ ಅವರು ಸೂಚಿಸಿದ ಪರಿಹಾರವೂ ಸರಳ: ಜನರನ್ನು ಒಂದೇ ರಾಶಿಯಾಗಿ ನೋಡದೆ, ಒಂದೇ ಬಗೆಯವರ ಸಣ್ಣ ಸಣ್ಣ ಗುಂಪುಗಳನ್ನು ಮಾಡಿ ಪ್ರತ್ಯೇಕವಾಗಿ ಲೆಕ್ಕ ಹಾಕುವುದು. ಚಂದ್ರಶೇಖರನ್ 1950ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದ ಪ್ರಸಿದ್ಧ ಜನಸಂಖ್ಯಾ ಅಧ್ಯಯನದಲ್ಲಿ ದುಡಿದವರು. ಅನಂತರ ನಮ್ಮ ಚೆಂಬೂರಿನ ಜನಸಂಖ್ಯಾ ತರಬೇತಿ ಕೇಂದ್ರದ ನಿರ್ದೇಶಕರಾಗಿದ್ದರು. ಅದೇ ಇಂದು ದೇವನಾರಿನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಗೋವಂಡಿಯ ಕಡೆ ಬಸ್ಸಿನಲ್ಲಿ ಹೋಗುವಾಗ ಆ ಫಲಕವನ್ನು ನೀವು ನೋಡಿರುತ್ತೀರಿ.

ಇಂಗ್ಲೆಂಡಿನಲ್ಲಿ ಇದೇ ವಿದ್ಯೆಯನ್ನು ಆಧುನಿಕ ಗುಲಾಮಗಿರಿಯ ಅಂದಾಜಿಗೆ ಬಳಸಿದರು. 2013ರಲ್ಲಿ ಪೊಲೀಸರು, ಸ್ವಯಂಸೇವಾ ಸಂಸ್ಥೆಗಳು ಮುಂತಾದವರ ಪಟ್ಟಿಗಳನ್ನು ಸೇರಿಸಿದಾಗ ದೊರೆತ ಹೆಸರುಗಳು 2,744. ಪಟ್ಟಿಗಳು ಒಂದರೊಳಗೊಂದು ಎಷ್ಟು ಬೆರೆತಿವೆ ಎಂಬುದನ್ನು ನೋಡಿ, ಬರ್ನಾರ್ಡ್ ಸಿಲ್ವರ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ನಿಜವಾದ ಸಂಖ್ಯೆ 10,000ದಿಂದ 13,000 ಇರಬೇಕೆಂದರು. ಈ ಲೆಕ್ಕಕ್ಕೆ ಟೀಕೆಗಳೂ ಬಂದವು. ಆದರೂ 2015ರಲ್ಲಿ ಆ ದೇಶದಲ್ಲಿ ಹೊಸ ಕಾಯಿದೆಯೇ ಬಂದಿತು. ಪೆರು ದೇಶದಲ್ಲಿ ಎರಡು ದಶಕಗಳ ಅಂತಃಕಲಹದಲ್ಲಿ ಸತ್ತವರನ್ನು, ಕಾಣೆಯಾದವರನ್ನು ಸತ್ಯಶೋಧನಾ ಆಯೋಗ ಇದೇ ಕ್ರಮದಿಂದ ಎಣಿಸಿ 2003ರಲ್ಲಿ 69,280 ಎಂದಿತು. ಹೆಸರು ಹಿಡಿದು ದಾಖಲಾದವರು ಅದರ ಅರ್ಧಕ್ಕಿಂತ ಕಡಿಮೆ. ಬಲಿಯಾದವರಲ್ಲಿ ಬಹುಪಾಲು ಸ್ಪ್ಯಾನಿಷ್ ತಾಯ್ನುಡಿಯಲ್ಲದ ಗುಡ್ಡಗಾಡಿನ ಜನ. ಪಟ್ಟಿಯಿಂದ ಜಾರುವವರು ಯಾರು ಎಂಬುದು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ.

ಇನ್ನು ನಮ್ಮ ನಾಡಿಗೆ ಬರೋಣ. ಈ ವಿದ್ಯೆಯನ್ನು ಬಳಸಬಹುದಾಗಿದ್ದ ಒಂದು ಅವಕಾಶವನ್ನು ಕರ್ನಾಟಕ ಕಳೆದುಕೊಂಡ ಕಥೆ ನನಗೆ ಬಹಳ ನೋವಿನ ವಿಷಯ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ಮುಂಬಯಿ ಪ್ರಾಂತದ ಕಾಯಿದೆ 1934ರಲ್ಲಿಯೇ ನಿಷೇಧಿಸಿತ್ತು; ಬೆಳಗಾವಿ, ಬಿಜಾಪುರ, ಧಾರವಾಡಗಳು ಆಗ ಇದೇ ಪ್ರಾಂತದಲ್ಲಿದ್ದವು. ಕರ್ನಾಟಕದ ಕಾಯಿದೆ 1982ರದು. 1993-94ರ ಸಮೀಕ್ಷೆಯಲ್ಲಿ 22,873 ದೇವದಾಸಿಯರನ್ನು ಗುರುತಿಸಲಾಯಿತು. 2007-08ರಲ್ಲಿ ಎರಡನೆಯ ಸಮೀಕ್ಷೆ ನಡೆದು, ಮೊದಲನೆಯದರಲ್ಲಿ ಬಿಟ್ಟುಹೋದ 23,787 ಮಂದಿಯನ್ನು ಸೇರಿಸಿ, ಒಟ್ಟು 46,660 ಎಂದು ಘೋಷಿಸಿದರು. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಿ. ಮೊದಲ ಸಮೀಕ್ಷೆಯು ಸಿಕ್ಕವರಿಗಿಂತ ಹೆಚ್ಚು ಜನರನ್ನು ಬಿಟ್ಟಿತ್ತು ಎಂಬುದಕ್ಕೆ ಸರ್ಕಾರದ ಕಾಗದವೇ ಸಾಕ್ಷಿ.

ಎರಡನೆಯ ಸಮೀಕ್ಷೆಯವರು ಹಳೆಯ ಪಟ್ಟಿಯನ್ನು ಬದಿಗಿಟ್ಟು, ಹೊಸದಾಗಿ ಎಲ್ಲರನ್ನೂ ಎಣಿಸಿ, ಆಮೇಲೆ ಎರಡು ಪಟ್ಟಿಗಳನ್ನು ಹೋಲಿಸಿದ್ದರೆ, ಎರಡಕ್ಕೂ ಸಿಗದವರು ಎಷ್ಟೆಂಬ ಅಂದಾಜು ದೊರೆಯುತ್ತಿತ್ತು. ನಡುವಿನ ವರ್ಷಗಳಲ್ಲಿ ಸತ್ತವರು, ವಲಸೆ ಹೋದವರು ಇರುತ್ತಾರೆ ನಿಜ. ಅದಕ್ಕೂ ತಿದ್ದುಪಡಿಯ ಕ್ರಮಗಳಿವೆ. ಬಿಟ್ಟುಹೋದವರನ್ನಷ್ಟೇ ಸೇರಿಸಿದುದರಿಂದ ಕೂಡಿಕೆ ಸಿಕ್ಕಿತು, ಅಂದಾಜು ಸಿಗಲಿಲ್ಲ. ಅಧಿಕಾರಿಗಳ ದೃಷ್ಟಿಯಲ್ಲಿ ಅದು ಮಾಸಾಶನದ ಫಲಾನುಭವಿಗಳ ಪಟ್ಟಿ. ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಫಲಾನುಭವಿಗಳ ಪಟ್ಟಿಗೂ ಅಪರಾಧದ ಅಳತೆಗೂ ವ್ಯತ್ಯಾಸವಿದೆ. 1982ರ ನಂತರ ಮುತ್ತು ಕಟ್ಟಿಸಿಕೊಂಡ ಹುಡುಗಿ ತನ್ನ ಹೆಸರು ಬರೆಸಬೇಕಾದರೆ ತನ್ನ ತಾಯಿತಂದೆಯರು ಅಪರಾಧಿಗಳೆಂದು ಒಪ್ಪಬೇಕಾಗುತ್ತದೆ. ಅವಳು ಏಕೆ ಬರೆಸಿಯಾಳು? ಕಾಯಿದೆ ಕಠಿಣವಾದಷ್ಟೂ ಅಂಕಣ ಖಾಲಿಯಾಗುತ್ತದೆ. ಖಾಲಿ ಅಂಕಣವನ್ನು ನೋಡಿ ಪದ್ಧತಿ ಅಳಿಯಿತೆಂದು ವರದಿ ಸಿದ್ಧವಾಗುತ್ತದೆ. ಆ ಭಾಗದಿಂದ ಸಾಂಗಲಿ, ಪುಣೆ, ಮುಂಬಯಿಯ ಓಣಿಗಳಿಗೆ ಬಂದು ಸೇರಿದವರಂತೂ ಊರಿನ ಸಮೀಕ್ಷೆಯ ದಿನ ಊರಿನಲ್ಲಿರುವುದಿಲ್ಲ. ಅವರು ನಮ್ಮ ನೆರೆಹೊರೆಯವರು. ನಮ್ಮ ಯಾವ ಸಂಘದ ಪಟ್ಟಿಯಲ್ಲಿಯೂ ಅವರಿಲ್ಲ.

ಜೀತದ ಲೆಕ್ಕ ಇನ್ನೂ ಗೋಜಲಿನದು. ಜೀತ ಪದ್ಧತಿಯನ್ನು 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ರದ್ದು ಮಾಡಿದವು. 1978-79ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ 10 ರಾಜ್ಯಗಳ ಹಳ್ಳಿಗಳಲ್ಲಿ ಮಾದರಿ ಸಮೀಕ್ಷೆ ನಡೆಸಿ, 26 ಲಕ್ಷ 17 ಸಾವಿರ ಜೀತದಾಳುಗಳಿದ್ದಾರೆ ಎಂದವು. ಕರ್ನಾಟಕದ ಪಾಲು 1 ಲಕ್ಷ 93 ಸಾವಿರ, ಮಹಾರಾಷ್ಟ್ರದ್ದು 1 ಲಕ್ಷ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯು 16 ರಾಜ್ಯಗಳಲ್ಲಿ ಕಂಡದ್ದು 3 ಲಕ್ಷ 45 ಸಾವಿರ. ರಾಜ್ಯಗಳು ಹೆಚ್ಚು, ಜೀತದಾಳುಗಳು ಏಳೆಂಟರಲ್ಲೊಂದು ಪಾಲು! ಯಾರೋ ಒಬ್ಬರು ಸುಳ್ಳು ಹೇಳಿದರೆಂದು ಭಾವಿಸಬೇಕಾಗಿಲ್ಲ. ಪ್ರಶ್ನೆ ಕೇಳಿದವರು ಯಾರು, ಕೇಳುವಾಗ ಒಡೆಯ ಪಕ್ಕದಲ್ಲಿ ನಿಂತಿದ್ದನೆ, ‘ನೀನು ಜೀತಕ್ಕಿದ್ದೀಯಾ’ ಎಂದು ಕೇಳಿದರೆ ಅಥವಾ ‘ಸಾಲ ತೀರುವ ಮೊದಲು ಬೇರೆ ಕಡೆ ಕೆಲಸಕ್ಕೆ ಹೋಗಬಹುದೆ’ ಎಂದು ಕೇಳಿದರೆ - ಇವೆಲ್ಲ ಸಂಖ್ಯೆಯನ್ನು ನಿರ್ಧರಿಸುತ್ತವೆ. ನನ್ನ 1991ರ ಅನುಭವದಲ್ಲಿ ಉತ್ತರ ಹೇಳಿದವರು ಮ್ಯಾನೇಜರರು, ಹುಡುಗರಲ್ಲ.

ಕಾನೂನಿನ ವ್ಯಾಖ್ಯೆ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನ ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದಿತು. ಆ ಅರ್ಥದಲ್ಲಿ ಎಣಿಸಲು ಹೊರಟರೆ ನಮ್ಮ ಕಟ್ಟಡಗಳ ನೆರಳಿನಲ್ಲೇ ಪುಸ್ತಕ ತುಂಬುತ್ತದೆ.

ಇತ್ತೀಚಿನ ಲೆಕ್ಕಗಳ ಬಗ್ಗೆಯೂ ಎಚ್ಚರಿಕೆಯ ಒಂದು ಮಾತು. ‘ವಾಕ್ ಫ್ರೀ’ ಎಂಬ ವಿದೇಶೀ ಪ್ರತಿಷ್ಠಾನ 2016ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 83 ಲಕ್ಷ ಆಧುನಿಕ ಗುಲಾಮರಿದ್ದಾರೆಂದಿತು. ಅದೇ ಪ್ರತಿಷ್ಠಾನ 2018ರಲ್ಲಿ ಸುಮಾರು 80 ಲಕ್ಷ ಎಂದಿತು. 2023ರಲ್ಲಿ 1 ಕೋಟಿ 10 ಲಕ್ಷ. ಎರಡೇ ವರ್ಷಗಳಲ್ಲಿ ಒಂದು ಕೋಟಿ ಜನ ಬಿಡುಗಡೆ ಹೊಂದಲಿಲ್ಲ; ಲೆಕ್ಕದ ಕ್ರಮ ಬದಲಾಯಿತು, ಅಷ್ಟೆ. ಇಂತಹ ಏರಿಳಿತದಿಂದ ಆಗುವ ಹಾನಿ ದೊಡ್ಡದು. ಮುಚ್ಚಿಡಬೇಕೆನ್ನುವವರಿಗೆ, ‘ಇವೆಲ್ಲ ಕಟ್ಟುಕಥೆ’ ಎನ್ನಲು ದಾರಿಯಾಗುತ್ತದೆ. ಒಳ್ಳೆಯ ಉದ್ದೇಶಕ್ಕಾಗಿ ಉಬ್ಬಿಸಿದ ಅಂಕಿಗಿಂತ ಒಳ್ಳೆಯ ಉದ್ದೇಶಕ್ಕೆ ಹೆಚ್ಚು ಕೆಡುಕು ಮಾಡುವುದು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಚಳವಳಿಗಾರ ಮಿತ್ರರಿಗೆ ಈ ಮಾತು ರುಚಿಸುವುದಿಲ್ಲವೆಂದು ನಾನು ಬಲ್ಲೆ.

ಪಟ್ಟಿಯೇ ಇಲ್ಲದೆ ಎಣಿಸುವ ಮಾರ್ಗವೂ ಉಂಟು. ಅಮರ್ತ್ಯ ಸೇನ್ 1990ರಲ್ಲಿ ಹತ್ತು ಕೋಟಿಗೂ ಹೆಚ್ಚು ಹೆಂಗಸರು ಜಗತ್ತಿನಿಂದ ಕಾಣೆಯಾಗಿದ್ದಾರೆ ಎಂದರು. ಒಂದು ಶವವನ್ನೂ ಅವರು ಹುಡುಕಲಿಲ್ಲ. ಹೆಣ್ಣು ಗಂಡುಗಳಿಗೆ ಸಮಾನ ಆರೈಕೆ ದೊರೆತಲ್ಲಿ ಎಷ್ಟು ಹೆಂಗಸರು ಇರಬೇಕಿತ್ತು, ನಿಜವಾಗಿ ಎಷ್ಟಿದ್ದಾರೆ ಎಂದು ಕಳೆದು ನೋಡಿದರು. ಬೇರೆ ವಿದ್ವಾಂಸರು ಬೇರೆ ಅಳತೆಗೋಲು ಹಿಡಿದು ಆರು ಕೋಟಿ ಎಂದರು. ಅದೂ ಸಣ್ಣ ಸಂಖ್ಯೆಯಲ್ಲ. ಗರ್ಭದ ಲಿಂಗಪತ್ತೆಯನ್ನು ತಡೆಯುವ ಕಾಯಿದೆಯನ್ನು ದೇಶದಲ್ಲಿ ಮೊದಲು ಮಾಡಿದ್ದು ಮಹಾರಾಷ್ಟ್ರ, 1988ರಲ್ಲಿ. ಆದರೆ ಇಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 946 ಹೆಣ್ಣುಮಕ್ಕಳಿದ್ದುದು 2001ರಲ್ಲಿ 913, 2011ರಲ್ಲಿ 894 ಆಯಿತು. ಠಾಣೆಯ ಪುಸ್ತಕದಲ್ಲಿ ಬೆರಳೆಣಿಕೆಯ ಮೊಕದ್ದಮೆಗಳು. ಜನಗಣತಿಯ ಪುಸ್ತಕದಲ್ಲಿ ಸಾವಿರ ಸಾವಿರ ಬರಿದಾದ ತೊಟ್ಟಿಲು. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಾವೂ ಈ ಸಂಖ್ಯೆಯ ಒಳಗಿದ್ದೇವೆ, ಹೊರಗಲ್ಲ.

ನೇರವಾಗಿ ಕೇಳುವ ವಿಧಾನಕ್ಕೆ ಬರುತ್ತೇನೆ. ದೇವನಾರಿನ ಅದೇ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಡೆಯುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹಿಂಸೆಯ ಬಗ್ಗೆ ಪ್ರಶ್ನೆಗಳಿರುತ್ತವೆ. ಒಂದು ಮನೆಯಲ್ಲಿ ಒಬ್ಬಳನ್ನೇ, ಬೇರೆ ಯಾರೂ ಇಲ್ಲದಿರುವಾಗ, ಹೆಂಗಸೇ ಕೇಳಬೇಕು. ಏಕಾಂತ ಸಿಗದಿದ್ದರೆ ಆ ಪ್ರಶ್ನೆಗಳನ್ನು ಕೈಬಿಡಬೇಕು. 2015-16ರಲ್ಲಿ ಕರ್ನಾಟಕದಲ್ಲಿ ಹಿಂಸೆ ಅನುಭವಿಸಿದೆವೆಂದ ವಿವಾಹಿತೆಯರು ಶೇಕಡಾ 20.6, ಮುಂದಿನ ಸುತ್ತಿನಲ್ಲಿ 44.4, ದೇಶದಲ್ಲೇ ಅತಿ ಹೆಚ್ಚು. ನಾಲ್ಕು ವರ್ಷಗಳಲ್ಲಿ ನಮ್ಮ ನಾಡಿನ ಗಂಡಸರು ಎರಡು ಪಟ್ಟು ಕ್ರೂರರಾದರೆ? ಹಾಗೆ ನಂಬುವುದು ಕಷ್ಟ. ಮೊದಲ ಸಲ ಬಾಯಿ ಬಿಡದ ಹೆಂಗಸರು ಎರಡನೆಯ ಸಲ ಬಿಟ್ಟಿರಬಹುದು. ಕೇಳಿದವರ ತರಬೇತಿ ಬೇರೆಯಾಗಿರಬಹುದು. ಎರಡರಲ್ಲಿ ಒಂದು ಅಂಕಿ ತಪ್ಪಾಗಿದ್ದರೆ ಅದು ಸಣ್ಣ ಅಂಕಿಯೇ ಇರಬೇಕೆಂದು ನನ್ನ ಊಹೆ. ಹೊಡೆತ ತಿನ್ನದವಳು ತಿಂದೆನೆಂದು ಅಪರಿಚಿತಳ ಮುಂದೆ ಹೇಳುವುದು ಅಪರೂಪ. ಹಿಂಸೆಗೊಳಗಾದವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ.

ತಪ್ಪು ಮಾಡಿದವರನ್ನೇ ಕೇಳುವ ಉಪಾಯವೂ ಇದೆ. 1965ರಲ್ಲಿ ವಾರ್ನರ್ ಎಂಬವರು ಮುಂದಿಟ್ಟ ಕಲ್ಪನೆ ಅದು. ಅದರ ಸರಳ ರೂಪವನ್ನು ಹೇಳುತ್ತೇನೆ. ಸಾವಿರ ಮೇಸ್ತ್ರಿಗಳನ್ನು, ‘ಮುಂಗಡ ಕೊಟ್ಟು ಹಿಡಿದಿಟ್ಟ ಆಳುಗಳು ನಿಮ್ಮಲ್ಲಿದ್ದಾರೆಯೆ’ ಎಂದು ಕೇಳಬೇಕು. ಪ್ರತಿಯೊಬ್ಬನೂ ಮರೆಯಲ್ಲಿ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ಸುಮ್ಮನೆ ‘ಹೌದು’ ಎನ್ನಲಿ. ಮತ್ತೊಂದು ಬದಿ ಬಿದ್ದರೆ ನಿಜ ಹೇಳಲಿ. ‘ಹೌದು’ ಎಂದವನು ನಾಣ್ಯದ ಮಾತು ಹೇಳಿದನೋ ತನ್ನ ಮಾತು ಹೇಳಿದನೋ ಕೇಳಿದವನಿಗೂ ತಿಳಿಯದು. ಆದರೆ 600 ಮಂದಿ ‘ಹೌದು’ ಎಂದರೆ, ಸುಮಾರು 500 ನಾಣ್ಯದ ಲೆಕ್ಕ. ಉಳಿದ 500ರಲ್ಲಿ 100 ಮಂದಿಯದು ನಿಜ. ಶೇಕಡಾ 20. ಒಬ್ಬನ ಗುಟ್ಟೂ ಹೊರಬೀಳದೆ ಎಲ್ಲರ ಗುಟ್ಟು ತಿಳಿಯಿತು.

ಕೊನೆಯದಾಗಿ, ನಾನು ಇಲ್ಲಿಗೆ ಬಂದ ಉದ್ದೇಶ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯಲಿಲ್ಲ. ಹೊಸದಕ್ಕೆ 1 ಮಾರ್ಚ್ 2027ನ್ನು ಉಲ್ಲೇಖ ದಿನವೆಂದು ಗೊತ್ತು ಮಾಡಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದು ಈ ನಗರದ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವ ನಮ್ಮ ಜನ ಎಷ್ಟು, ಅವರಲ್ಲಿ ಮುಕಾದಮನ ಮುಂಗಡಕ್ಕೆ ಸಿಕ್ಕಿದವರೆಷ್ಟು, ಹದಿನಾಲ್ಕರೊಳಗಿನ ಮಕ್ಕಳೆಷ್ಟು ಎಂದು ಯಾರಿಗೂ ತಿಳಿಯದು. ನಮಗೆ ಎರಡು ಪಟ್ಟಿಗಳು ಸಾಕು. ಸಂಘವು ನಡೆಸುವ ವೈದ್ಯಕೀಯ ಶಿಬಿರದ ದಾಖಲೆ ಒಂದು. ನಾಕಾದಲ್ಲಿ ನಿಂತು ನಾವೇ ಬರೆಯುವುದು ಮತ್ತೊಂದು. ಹೆಸರು ಬೇಡ. ಊರು, ವಯಸ್ಸು, ಬಂದ ತಿಂಗಳು, ತಾಯಿಯ ಹೆಸರಿನ ಮೊದಲ ಅಕ್ಷರ - ಒಬ್ಬರನ್ನೇ ಎರಡು ಕಡೆ ಗುರುತಿಸಲು ಇಷ್ಟು ಸಾಕಾಗುತ್ತದೆ. ಈ ಕಾಗದ ಗುತ್ತಿಗೆದಾರರ ಕೈಗಾಗಲಿ ಪೊಲೀಸರ ಕೈಗಾಗಲಿ ಹೋಗಬಾರದು. ಎಣಿಕೆ ಮುಗಿದೊಡನೆ ಸುಟ್ಟುಬಿಡುವ ಷರತ್ತಿನ ಮೇಲೆಯೇ ನಾನು ಇದಕ್ಕೆ ಕೈಹಾಕುತ್ತೇನೆ. ಮತ್ತು ವಯಸ್ಸನ್ನು ಹುಡುಗನಿಂದಲೇ ಕೇಳಬೇಕು, ಅವನ ಜೊತೆಗೆ ನಿಂತವನಿಂದಲ್ಲ.

ಉತ್ತರ ಕರ್ನಾಟಕದ ಮಾತು ಚೆನ್ನಾಗಿ ಬಲ್ಲವರು, ಎರಡು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಎದ್ದು ಬರಬಲ್ಲವರು, ಹನ್ನೆರಡು ಮಂದಿ ಬೇಕು. ಹೆಂಗಸರು ಆರು ಮಂದಿಯಾದರೂ ಇರಬೇಕು. ನಮೂನೆಗಳನ್ನು ನಾನು ಅಚ್ಚು ಹಾಕಿಸಿ ತಂದಿದ್ದೇನೆ. ಕಾರ್ಯದರ್ಶಿಗಳ ಮೇಜಿನ ಮೇಲಿವೆ. ಹೋಗುವಾಗ ಹೆಸರು ಬರೆದುಹೋಗಿ.